ಕಣ್ಣ ಕೆಳಗಿನ ಊತ ಇಳಿಸುತ್ತಿದ್ದವರು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಎಂದೋ ಮುಗಿದುಹೋದ ಸೀರಿಯಲ್ಲೊಂದರ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬಂತು. ‘ಮೇಕಪ್ ಅಣ್ಣ ಹೋಗ್ಬಿಟ್ರು. ಹಾರ್ಟ್ ಅಟ್ಯಾಕ್. ಹೆಗ್ಗನಹಳ್ಳಿ ಮನೆ ಹತ್ರಾನೇ ಇಟ್ಟಿದಾರೆ.’ ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಮೆಸೇಜು ಹಾಕಿದವರು ಹೆಸರು ಬರೆದಿರಲಿಲ್ಲ. ಯಾವ ಮೇಕಪ್ ಅಣ್ಣ ಎಂದು ಯಾರೂ ಕೇಳಲೂ ಇಲ್ಲ. ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಸೆಟ್ಟಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಇಲ್ಲೂ ಹಾಗೇ ಇರಲಿ.

ನಾನು ಆ ಸೀರಿಯಲ್ಲಿಗೆ ಸಂಭಾಷಣೆ ಬರೆಯುತ್ತಿದ್ದೆ. ಶೂಟಿಂಗು ಕೆಂಗೇರಿಯಿಂದ ಸ್ವಲ್ಪ ಆಚೆ, ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆಯಲ್ಲಿ. ಬೆಳಿಗ್ಗೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ ಕೆಳಗೆ ಕಂಪನಿ ವ್ಯಾನು ಬಂದು ನಮ್ಮನ್ನು ಹತ್ತಿಸಿಕೊಳ್ಳುತ್ತಿತ್ತು. ನಾನು ಮೂಡಲಪಾಳ್ಯದಿಂದ ಆಟೋದಲ್ಲಿ ಬರುತ್ತಿದ್ದೆ, ಅವರು ಹೆಗ್ಗನಹಳ್ಳಿಯಿಂದ ರಿಂಗ್ ರೋಡ್ ಬಸ್ಸಿನಲ್ಲಿ. ನಾನು ಯಾವತ್ತು ಹೋದರೂ ಅವರು ನನಗಿಂತ ಮುಂಚೆ ಬಂದು, ಬಣ್ಣದ ಪೆಟ್ಟಿಗೆಯನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು, ಟೀ ಅಂಗಡಿ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಅರವತ್ತು ದಾಟಿದ ಸಣಕಲು ಮನುಷ್ಯ. ಅರ್ಧ ತೋಳಿನ ಬಿಳಿ ಶರ್ಟು. ದಿನವಿಡೀ ಬಣ್ಣದಲ್ಲಿ ಕೈಯಾಡಿಸುವವರ ಶರ್ಟಿನ ಮೇಲೆ ಒಂದು ಕಲೆ ಕಂಡದ್ದಿಲ್ಲ.

ಮೊದಲ ದಿನ ವ್ಯಾನಿನಲ್ಲಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನನಗೆ ಮುಜುಗರವಾಗಿ ಆಚೆ ತಿರುಗಿದೆ.

“ಮೇಡಂ, ನಿನ್ನೆ ರಾತ್ರಿ ಏನ್ ಊಟ?”

“ಯಾಕಣ್ಣ? ಅನ್ನ, ಸಾರು. ಎರಡು ಹಪ್ಪಳ.”

“ಎರಡೇನಾ?”

ನಾಲ್ಕು ತಿಂದಿದ್ದೆ. ಅವರು ಕಿಟಕಿಯ ಕಡೆ ತಿರುಗಿದರು. ನಾನು ಮೊಬೈಲಿನ ಕ್ಯಾಮೆರಾ ತೆಗೆದು ನೋಡಿಕೊಂಡರೆ ಎರಡೂ ಕಣ್ಣ ಕೆಳಗೆ ಸಣ್ಣಗೆ ಉಬ್ಬಿತ್ತು.

ಸೆಟ್ಟಿನಲ್ಲಿ ಎಲ್ಲರಿಗೂ ಇದೇ ಮೊದಲ ಪ್ರಶ್ನೆ. ನಮಸ್ಕಾರ, ಚೆನ್ನಾಗಿದೀರಾ ಎಲ್ಲ ಆಮೇಲೆ. ಸೀರಿಯಲ್ಲಿನ ನಟರಿಗೆ ನಿದ್ದೆ ಕಡಿಮೆ, ಊಟ ಹೊತ್ತಲ್ಲದ ಹೊತ್ತಿನಲ್ಲಿ, ಅದೂ ಹೊರಗಿನದು. ಬೆಳಿಗ್ಗೆ ಬಂದು ಕನ್ನಡಿ ಮುಂದೆ ಕೂತಾಗ ಹತ್ತರಲ್ಲಿ ಆರು ಮಂದಿಗೆ ಕಣ್ಣ ಕೆಳಗೆ ಊತ. ಈಗಿನ ಕ್ಯಾಮೆರಾಗಳು ಅದನ್ನು ಬಿಡುವುದಿಲ್ಲ. ಬಣ್ಣ ಮೆತ್ತಿದರೆ ಕಪ್ಪು ಮುಚ್ಚುತ್ತದೆ, ಉಬ್ಬು ಮುಚ್ಚುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಅದಕ್ಕೇ ಅವರು ಬಣ್ಣ ಮುಟ್ಟುವ ಮುಂಚೆ ಊತ ಇಳಿಸುತ್ತಿದ್ದರು.

ಊತ ಇಳಿಸಲು ಅವರ ಹತ್ತಿರ ಇದ್ದದ್ದೆಲ್ಲ ಅಡುಗೆಮನೆಯ ಸಾಮಾನು. ಐಸು ತುಂಬಿದ ಡಬ್ಬಿಯಲ್ಲಿ ನಾಲ್ಕಾರು ಸ್ಟೀಲ್ ಚಮಚ. ತಣ್ಣೀರಲ್ಲಿ ಅದ್ದಿ ಹಿಂಡಿದ ಮಲ್ ಬಟ್ಟೆ. ಟೀ ಮಾಡಿ ಮಿಕ್ಕಿದ ಟೀ ಬ್ಯಾಗು, ಆರಿಸಿ ತಣ್ಣಗೆ ಮಾಡಿದ್ದು. ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಯಾರಾದರೂ ಬಂದರೆ, “ಇಟ್ಕೊಳ್ಳಿ, ತಣ್ಣಗಿರೋದ್ಯಾವುದಾದ್ರೂ ಆಗುತ್ತೆ. ಸೌತೆಕಾಯಿದೇನೂ ಮಹಿಮೆ ಇಲ್ಲ” ಎನ್ನುತ್ತಿದ್ದರು. ಐಸನ್ನು ಮಾತ್ರ ನೇರವಾಗಿ ಚರ್ಮಕ್ಕೆ ತಾಗಿಸಲು ಬಿಡುತ್ತಿರಲಿಲ್ಲ. ಉಂಗುರದ ಬೆರಳಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ತಟ್ಟುತ್ತಾ ಹೋಗುತ್ತಿದ್ದರು. ಯಾಕೆ ಆ ಬೆರಳೇ ಎಂದು ಕೇಳಿದೆ. “ಅದಕ್ಕೆ ಶಕ್ತಿ ಕಮ್ಮಿ ಮೇಡಂ. ಕಣ್ಣ ಕೆಳಗಿನ ಚರ್ಮ ಈರುಳ್ಳಿ ಪೊರೆ ಇದ್ದಂಗೆ. ತೋರುಬೆರಳು ಜೋರು, ಉಜ್ಜಿಬಿಡುತ್ತೆ” ಎಂದರು.

ನಮ್ಮ ಸೀರಿಯಲ್ಲಿನ ಹೀರೋ ಇಪ್ಪತ್ತೈದರ ಹುಡುಗ, ಜಿಮ್ಮಿಗೆ ಹೋಗುವವನು. ಒಂದು ದಿನ ಎರಡು ಕಣ್ಣೂ ಊದಿಸಿಕೊಂಡು ಬಂದ.

“ಏನ್ ಸಮಾಚಾರ?”

“ನಿದ್ದೆ ಇಲ್ಲ ಅಣ್ಣ, ಪ್ರಾಕ್ಟೀಸು.”

“ನಿದ್ದೆ ಕೆಟ್ಟಿರೋದು ಕಣ್ಣು ಕೆಂಪಗಿರೋದ್ರಲ್ಲಿ ಗೊತ್ತಾಗ್ತಿದೆ. ಊತ ಗೋಬಿ ಮಂಚೂರಿದು. ಎಲ್ಲಿ ತಿಂದೆ?”

ಹುಡುಗ ನಕ್ಕುಬಿಟ್ಟ. “ವಿಜಯನಗರದಲ್ಲಿ.”

“ಹೋಗು, ಆಚೆ ಅರ್ಧ ಗಂಟೆ ಓಡಾಡ್ಕೊಂಡು ಬಾ. ನೀರು ಕುಡಿ. ಕೂತ್ಕೋಬೇಡ, ಮಲಗ್ಲೇಬೇಡ.”

ಓಡಾಡಿದರೆ ಇಳಿಯುವುದು ಹೇಗೆ ಎಂದು ನಾನು ಕೇಳಿದಾಗ ಅವರು ಕೊಟ್ಟ ವಿವರಣೆ ನನಗೆ ಇವತ್ತಿಗೂ ಇಷ್ಟ. “ಉಪ್ಪು ಜಾಸ್ತಿಯಾದ್ರೆ ಮೈ ನೀರು ಹಿಡ್ಕೊಳ್ಳುತ್ತೆ. ನಾವು ಮಲಗಿದಾಗ ಆ ನೀರಿಗೂ ಮಲಗೋಕೆ ಒಂದು ಮೆತ್ತನೆ ಜಾಗ ಬೇಕಲ್ವಾ, ಕಣ್ಣ ಕೆಳಗೆ ಬಂದು ಮಲಗುತ್ತೆ. ನಾವು ಎದ್ದು ಓಡಾಡಿದ್ರೆ ಅದೂ ಎದ್ದು ಹೋಗುತ್ತೆ.” ತಲೆಗೆ ಎರಡು ದಿಂಬು ಹಾಕಿಕೊಂಡು ಮಲಗಿ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಖಳನಾಯಕನ ಪಾತ್ರದವನೊಬ್ಬ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಮೂಲವ್ಯಾಧಿಯ ಮುಲಾಮನ್ನು ಕಣ್ಣ ಕೆಳಗೆ ಹಚ್ಚಿಕೊಂಡು ಬಂದದ್ದುಂಟು. ಊತ ಇಳಿಯುವ ಬದಲು ಚರ್ಮ ಕೆಂಪಾಗಿ ಸುಲಿದಿತ್ತು. ಅಣ್ಣ ಟ್ಯೂಬಿನ ಮೇಲಿನ ಅಕ್ಷರವನ್ನು ದೂರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. “ಅಲ್ಲ ಕಣಪ್ಪ, ಇದು ಎಲ್ಲಿಗೆ ಹಚ್ಚೋದು ಅಂತ ಗೊತ್ತಾ ನಿಂಗೆ?” ಎಂದು ಅವರು ಕೇಳಿದ ರೀತಿಗೆ ಲೈಟ್ ಹಿಡಿದವರು ನಗು ತಡೆಯಲಾರದೆ ಆಚೆ ಓಡಿಹೋದರು. ಆ ದಿನ ಅವನಿಗೆ ಬಣ್ಣ ಹಚ್ಚದೆ, ಕಪ್ಪು ಕನ್ನಡಕ ಹಾಕಿಸಿ ಶೂಟ್ ಮಾಡಿದರು. ಖಳನಾಯಕನಿಗೆ ಅದು ಒಪ್ಪಿತು ಕೂಡ, ಸೀರಿಯಲ್ ಮುಗಿಯುವವರೆಗೂ ಕನ್ನಡಕ ಉಳಿಯಿತು.

ಹೀಗೆ ಬರೆದರೆ ಅವರು ಸದಾ ತಮಾಷೆಯ, ತಾಳ್ಮೆಯ ಮನುಷ್ಯ ಎನಿಸಬಹುದು. ಹಾಗೇನೂ ಇರಲಿಲ್ಲ. ಮಹಾ ಹಟ. ಅವರ ಸ್ಪಂಜನ್ನು ಯಾರಾದರೂ ಮುಟ್ಟಿದರೆ ಇಡೀ ದಿನ ಮಾತು ಬಿಡುತ್ತಿದ್ದರು. ಕ್ಯಾಮೆರಾಮನ್‌ ಜೊತೆ ವಾರಕ್ಕೊಂದು ಜಗಳ. ತಾನು ಹೇಳಿದ್ದು ತಪ್ಪಾಗಿದ್ದರೆ ಒಪ್ಪಿಕೊಳ್ಳುವ ಅಭ್ಯಾಸವೇ ಇರಲಿಲ್ಲ, ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ನಿರ್ಮಾಪಕರ ಭಾವಮೈದುನ ಒಂದು ದಿನದ ಮಟ್ಟಿಗೆ ಜಡ್ಜ್ ಪಾತ್ರ ಮಾಡಲು ಬಂದು, ಕಣ್ಣ ಕೆಳಗಿನ ಚೀಲ ತೆಗೆಯಿರಿ ಎಂದಾಗ, “ಇದು ನೀರಲ್ಲ ಸಾರ್, ಕೊಬ್ಬು. ವಯಸ್ಸಾಗ್ತಾ ಚರ್ಮ ಸಡಿಲ ಆಗಿ ಮುಂದಕ್ಕೆ ಬಂದಿದೆ. ಚಮಚ ಇಟ್ರೆ ಚಮಚ ತಣ್ಣಗಿರುತ್ತೆ ಅಷ್ಟೆ. ತೆಗಿಬೇಕು ಅಂದ್ರೆ ಆಪರೇಷನ್ನು” ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಆ ಮನುಷ್ಯನ ಮುಖ ಸಣ್ಣದಾದದ್ದು ಇವರಿಗೆ ಗೊತ್ತಾಗಲೇ ಇಲ್ಲ.

ಅವರದೇ ಕಣ್ಣ ಕೆಳಗೆ ಎರಡು ಜೋಲು ಚೀಲಗಳಿದ್ದವು. ಅದನ್ನು ಕೇಳಿದರೆ, “ಇದು ನಮ್ಮಪ್ಪಂದು. ಅವರಪ್ಪಂದೂ ಇರಬೇಕು” ಎನ್ನುತ್ತಿದ್ದರು. ಅಪ್ಪ ಒಂದು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದವರು. ತಿಪಟೂರು, ಅರಸೀಕೆರೆ, ಕಡೂರು ಎಂದು ಕಂಪನಿ ಡೇರೆ ಹಾಕಿದಲ್ಲೆಲ್ಲ ಇವರು ಬೆಳೆದದ್ದು. ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದು, ಹೆಗ್ಗನಹಳ್ಳಿಯಲ್ಲಿ ಮನೆ ಹಿಡಿದು, ಅಲ್ಲೇ ಉಳಿದರು. ಹೆಂಡತಿ ಗಾರ್ಮೆಂಟ್ಸಿನಲ್ಲಿ ದುಡಿದು ಬಿಟ್ಟವರು. ಒಬ್ಬಳು ಮಗಳು ಸುಂಕದಕಟ್ಟೆಯ ಶಾಲೆಯಲ್ಲಿ ಟೀಚರು.

ನಾನು ಹೇಳಬೇಕಾದದ್ದು ಇಂದುಮತಿಯವರ ವಿಷಯ.

ಇಂದುಮತಿ ನಮ್ಮ ಸೀರಿಯಲ್ಲಿನ ತಾಯಿ. ಐವತ್ತರ ಆಸುಪಾಸು. ರಂಗಭೂಮಿಯಿಂದ ಬಂದವರು. ವರ್ಷಗಟ್ಟಲೆ ಪಕ್ಕದ ಮನೆಯಾಕೆ, ಚಿಕ್ಕಮ್ಮ, ಮದುವೆಮನೆಯಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವವಳು, ಹೀಗೇ ಪಾತ್ರ ಮಾಡಿಕೊಂಡು ಬಂದಿದ್ದರು. ಕಥೆಯನ್ನೇ ಹೊತ್ತು ನಡೆಸುವ ತಾಯಿಯ ಪಾತ್ರ ಸಿಕ್ಕಿದ್ದು ಇದೇ ಮೊದಲು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಅವರೂ, ಡಿಗ್ರಿ ಓದುವ ಮಗಳೂ. ತರಕಾರಿ ಅಂಗಡಿಯಲ್ಲಿ ಜನ ಗುರುತು ಹಿಡಿದು ‘ಅಮ್ಮ’ ಅನ್ನುತ್ತಾರೆ ಎಂದು ಸಂಭ್ರಮದಿಂದ ಹೇಳಿಕೊಳ್ಳುತ್ತಿದ್ದರು.

ಬೇಸಿಗೆ ಶುರುವಾಗುವ ಹೊತ್ತಿಗೆ ಅವರ ಕಣ್ಣ ಕೆಳಗೆ ಊತ ಕಾಣಿಸಿಕೊಂಡಿತು. ಅಣ್ಣ ಎಂದಿನಂತೆ ಊಟ ವಿಚಾರಿಸಿದರು. ಚಮಚ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಮರುದಿನ ಮತ್ತೆ ಬಂತು. ಉಪ್ಪಿನಕಾಯಿ ಬಿಡಿ ಎಂದರು, ಅವರು ಬಿಟ್ಟರು. ಎರಡು ದಿಂಬು ಎಂದರು, ಅದೂ ಆಯಿತು. ಕಾಡಿಗೆ ಬದಲಾಯಿಸಿದರು, ಅಲರ್ಜಿಯಾದರೆ ಕೆರೆತ ಇರುತ್ತೆ, ಕೆರೆತ ಇದೆಯಾ ಎಂದು ಕೇಳಿದರು. ಇರಲಿಲ್ಲ. ದಿನಗಳು ಹೋದಂತೆ ಊತ ಮಧ್ಯಾಹ್ನಕ್ಕೂ ಇಳಿಯದಾಯಿತು. ಬೆಳಿಗ್ಗೆ ರೆಪ್ಪೆಯೂ ದಪ್ಪಗಿರುತ್ತಿತ್ತು.

ಅಣ್ಣನಿಗೆ ಇದು ಮಾನದ ಪ್ರಶ್ನೆಯಾಯಿತು. “ನಾಳೆ ಇಳಿಯುತ್ತೆ” ಎಂದು ಡೈರೆಕ್ಟರಿಗೆ ದಿನಾ ಹೇಳುತ್ತಿದ್ದರು. ಇಂದುಮತಿ ಸುಳ್ಳು ಹೇಳುತ್ತಿದ್ದಾರೆ, ಕದ್ದು ಉಪ್ಪು ತಿನ್ನುತ್ತಿದ್ದಾರೆ ಎಂದೇ ಅವರ ನಂಬಿಕೆ. ಒಂದು ದಿನ ಕೇಳಿಯೂಬಿಟ್ಟರು.

“ಅಮ್ಮ, ನಿಜ ಹೇಳಿ, ಮಜ್ಜಿಗೆ ಮೆಣಸಿನಕಾಯಿ ತಿಂತಿದೀರಾ?”

“ಏನ್ರೀ ಇದು, ನಾನೇನ್ ಸಣ್ಣ ಮಗುನಾ? ಇಲ್ಲ ಅಂದ್ಮೇಲೆ ಇಲ್ಲ!”

ಆಮೇಲೆ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ನೀವು ಹೆಂಗಸರು, ಸ್ವಲ್ಪ ವಿಚಾರಿಸಿ. ಮನೇಲಿ ಅಳ್ತಾರಾ ಅಂತ. ಅತ್ತು ಮಲಗಿದ್ರೂ ಹಿಂಗೇ ಆಗುತ್ತೆ.” ನಾನು ವಿಚಾರಿಸಿದೆ. ಇಂದುಮತಿ ನಕ್ಕರು. “ಅಳೋಕೆ ಟೈಮ್ ಎಲ್ಲಿದೆ? ನೀವು ಬರೆದಿರೋ ಸೀನಲ್ಲೇ ದಿನಾ ಅಳ್ತೀನಲ್ಲ. ಸುಸ್ತು ಜಾಸ್ತಿ ಅಷ್ಟೆ, ವಯಸ್ಸು.”

ಅಲ್ಲಿಗೆ ಅಣ್ಣ ಬಣ್ಣದ ಮೊರೆಹೋದರು. ಉಬ್ಬಿನ ಮೇಲೆ ಸ್ವಲ್ಪ ಗಾಢ ಬಣ್ಣ, ಅದರ ಕೆಳಗಿನ ಗೆರೆಗೆ ತಿಳಿ ಬಣ್ಣ, ಹೀಗೆ ಹಚ್ಚಿ ಕ್ಯಾಮೆರಾಕ್ಕೆ ಸಪಾಟಾಗಿ ಕಾಣುವಂತೆ ಮಾಡುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದರು. ಟೀವಿಯಲ್ಲಿ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೀಗೆ ಕೆಲವು ವಾರ ನಡೆಯಿತು.

ಆ ದಿನ ಕಥೆಯಲ್ಲಿ ಸೊಸೆಯ ಗೃಹಪ್ರವೇಶ. ಹೊಸ್ತಿಲ ಬಳಿ ಅತ್ತೆ ನಿಂತಿರುವುದನ್ನು ಕಾಲಿನಿಂದ ಶುರುಮಾಡಿ ಮುಖದವರೆಗೆ ತೋರಿಸಬೇಕೆಂದು ಡೈರೆಕ್ಟರು ಹೇಳಿದ್ದರು. ಕಾಲು ಹತ್ತಿರದಿಂದ ಕಾಣುವುದಾದರೆ ಅದಕ್ಕೂ ಮುಖದ ಬಣ್ಣವೇ ಹಚ್ಚಬೇಕು. ಇಂದುಮತಿ ಕುರ್ಚಿಯಲ್ಲಿ ಕೂತು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದುಕೊಂಡಿದ್ದರು. ಅಣ್ಣ ಕೆಳಗೆ ಮಣೆ ಹಾಕಿ ಕೂತು ಸ್ಪಂಜಿನಿಂದ ಬಣ್ಣ ಹಚ್ಚುತ್ತಿದ್ದರು. ನಾನು ಅದೇ ಕೋಣೆಯ ಮೂಲೆಯಲ್ಲಿ ಅಂದಿನ ಮಾತುಗಳನ್ನು ತಿದ್ದುತ್ತಾ ಕೂತಿದ್ದೆ.

ಸ್ಪಂಜು ಓಡುವ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಅಣ್ಣ ಅವರ ಪಾದದ ಮೇಲಿನ, ಕಣಕಾಲಿನ ಹತ್ತಿರದ ಜಾಗವನ್ನು ದಿಟ್ಟಿಸುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದರು. ತೆಗೆದರು. ಒತ್ತಿದಲ್ಲಿ ಹಿಟ್ಟಿಗೆ ಬೆರಳಿಟ್ಟ ಹಾಗೆ ಗುಳಿ ಬಿದ್ದಿತ್ತು, ಮೇಲೆ ಬರಲಿಲ್ಲ. ಇನ್ನೊಂದು ಕಾಲನ್ನೂ ಒತ್ತಿ ನೋಡಿದರು. ಅಲ್ಲೂ ಹಾಗೇ.

“ಎಷ್ಟು ದಿನದಿಂದ ಅಮ್ಮ, ಕಾಲು?”

“ನಿಂತು ನಿಂತು ಊದಿರುತ್ತೆ ಬಿಡಿ.”

“ಕೈ ಉಂಗುರ ಎಲ್ಲಿ?”

“ಬಿಗಿ ಆಯ್ತು ಅಂತ ತೆಗೆದಿಟ್ಟೆ.”

ಅಣ್ಣ ಎದ್ದು ಸ್ಪಂಜು ತೊಳೆದರು. ಪೆಟ್ಟಿಗೆ ಮುಚ್ಚಿದರು. ಕನ್ನಡಿ ಸುತ್ತಲಿನ ದೀಪ ಆರಿಸಿದರು.

“ನಿಮಗೆ ನಾನು ಇವತ್ತು ಬಣ್ಣ ಹಚ್ಚಲ್ಲ ಅಮ್ಮ. ಡಾಕ್ಟ್ರ ಹತ್ರ ಹೋಗಿ. ಈಗಲೇ ಹೋಗಿ.”

ಇಂದುಮತಿ ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಮುಖ ಬಿಗಿಯಿತು. “ಶಾಟ್ ಇದೆ ನನಗೆ. ಪೆಟ್ಟಿಗೆ ತೆಗೀರಿ.”

“ಇಲ್ಲ.”

ಮ್ಯಾನೇಜರು ಬಂದರು, ಡೈರೆಕ್ಟರು ಬಂದರು. ಹೊಸ್ತಿಲಿಗೆ ಹೂವು ಕಟ್ಟಿ, ಲೈಟು ಹಾಕಿ, ಇಡೀ ಯೂನಿಟ್ಟು ಕಾಯುತ್ತಿತ್ತು. ಆ ವಾರ ಚಾನೆಲ್ಲಿಗೆ ಕೊಡಲು ಕೈಯಲ್ಲಿ ಎಪಿಸೋಡೇ ಇರಲಿಲ್ಲ, ಇವತ್ತು ತೆಗೆದದ್ದು ನಾಳಿದ್ದು ಹೋಗಬೇಕು. ಮ್ಯಾನೇಜರು ಕೂಗಾಡಿದರು. “ನೀವೇನ್ ಡಾಕ್ಟ್ರಾ? ಬಣ್ಣ ಹಚ್ಚೋಕೆ ಕರ್ಸಿರೋದು ನಿಮ್ಮನ್ನ.”

“ಅದಕ್ಕೇ ಸಾರ್, ಹಚ್ಚಲ್ಲ ಅಂತ ಹೇಳ್ತಿರೋದು. ನನಗೆ ಗೊತ್ತಿಲ್ಲದೇ ಇರೋದಕ್ಕೆ ನಾನು ಬಣ್ಣ ಹಚ್ಚಲ್ಲ. ಇಷ್ಟು ದಿನ ಹಚ್ಚಿದ್ದೇ ತಪ್ಪು.”

ತಪ್ಪು ಎಂಬ ಮಾತು ಅವರ ಬಾಯಿಂದ ಬಂದದ್ದಕ್ಕೆ ನನಗೆ ಗಾಬರಿಯಾಯಿತು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಇಂದುಮತಿ. ಅವರಿಗೆ ಗೊತ್ತಿತ್ತು, ಈ ಕೆಲಸದಲ್ಲಿ ನಾಲ್ಕು ದಿನ ಕಾಣದಿದ್ದರೆ ಐದನೇ ದಿನ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಬರೆದು ಇನ್ನೊಬ್ಬರನ್ನು ತಂದು ನಿಲ್ಲಿಸುತ್ತಾರೆ. “ಇಷ್ಟು ವರ್ಷಕ್ಕೆ ಒಂದು ಪಾತ್ರ ಸಿಕ್ಕಿದೆ ನನಗೆ. ನನ್ನ ಹೊಟ್ಟೆ ಮೇಲೆ ಯಾಕ್ ಹೊಡೀತೀರಿ? ನಾನೇನು ಮಾಡಿದ್ದೆ ನಿಮಗೆ?” ಎಂದು ಅಳುತ್ತಾ ಕೇಳಿದರು. ಅಣ್ಣ ಸೀದಾ ನನ್ನ ಹತ್ತಿರ ಬಂದರು.

“ಮೇಡಂ, ಬರೆಯೋರು ನೀವು. ಆ ತಾಯಿನ ಎಲ್ಲಿಗಾದ್ರೂ ಕಳಿಸಿ.”

“ಎಲ್ಲಿಗೆ ಕಳಿಸ್ಲಿ ಅಣ್ಣ? ಇವತ್ತು ಗೃಹಪ್ರವೇಶ!”

“ಇವರಿಗೆ ಮೈಸೂರಲ್ಲಿ ಒಬ್ಬಳು ಮಗಳಿದಾಳಲ್ವಾ ಕಥೇಲಿ? ಬಸುರಿ ಅಂತ ಬರೆದಿದೀರಿ. ಹೆರಿಗೆ ಮಾಡ್ಸಿ. ಬಾಣಂತನಕ್ಕೆ ಕಳಿಸಿ. ಬಾಣಂತನಕ್ಕೆ ಹೋದ ತಾಯಿ ಮೂರು ತಿಂಗಳು ಬರದಿದ್ರೂ ಯಾರು ಕೇಳ್ತಾರೆ?”

ಆ ಮಗಳು ಎಂದೋ ಒಂದು ಫೋನ್ ಕಾಲಿನಲ್ಲಿ ಬಂದುಹೋಗಿದ್ದಳು. ನಾನೇ ಮರೆತಿದ್ದೆ. ಡೈರೆಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಲ್ಲೇ ಕೂತು ಹೊಸದಾಗಿ ಬರೆದೆ. ಚಾನೆಲ್ಲಿಗೆ ಫೋನು ಮಾಡಿ ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಗಳಿಗೆ ದಿನ ತುಂಬುವ ಮುಂಚೆಯೇ ನೋವು ಬಂದಿದೆ, ತಾಯಿ ಬೆಳಗಿನ ಜಾವವೇ ಹೊರಟುಹೋಗಿದ್ದಾಳೆ, ಹೊಸ ಸೊಸೆಯನ್ನು ಬರಮಾಡಿಕೊಳ್ಳಲು ಮನೆಯಲ್ಲಿ ಹೆಂಗಸರೇ ಇಲ್ಲ. ನಿಜ ಹೇಳಬೇಕೆಂದರೆ ಮೊದಲು ಬರೆದದ್ದಕ್ಕಿಂತ ಈ ಸೀನು ಚೆನ್ನಾಗಿತ್ತು. ಮಾವ ತಾನೇ ಆರತಿ ಎತ್ತಿದ್ದನ್ನು ಜನ ಇಷ್ಟಪಟ್ಟರು.

ಆದರೂ ಶೂಟಿಂಗು ನಿಲ್ಲಿಸಿದ ಮೇಕಪ್‌ಮ್ಯಾನನ್ನು ಇಟ್ಟುಕೊಳ್ಳುವುದು ಹೇಗೆ? ಸಂಜೆ ಮ್ಯಾನೇಜರು ನಾಳೆಯಿಂದ ಬರಬೇಡಿ ಎಂದರು. ಅಣ್ಣ ವಾದ ಮಾಡಲಿಲ್ಲ. ಅವರಿಗೆ ವ್ಯಾನಿನಲ್ಲಿ ಕೂರಲು ಮನಸ್ಸಿರಲಿಲ್ಲ. ನಾನೂ ಇಳಿದು ಅವರ ಜೊತೆ ಕೆಂಗೇರಿ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಪೆಟ್ಟಿಗೆ ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ. ದಾರಿಯಲ್ಲಿ ಅವರಾಗಿ ಹೇಳಿದರು.

“ನಮ್ಮ ಕಂಪನೀಲಿ ಒಬ್ಬಳು ಇದ್ಲು ಮೇಡಂ, ರಾಣಿ ಪಾರ್ಟು ಮಾಡೋಳು. ಒಂದ್ ಸಲ ಕಡೂರು ಕ್ಯಾಂಪಲ್ಲಿ ಮುಖ ಊದಿಕೊಳ್ತು. ಕಾಲೂ ಹಿಂಗೇ. ನಮ್ಮಪ್ಪ ದಿನಾ ಒಂದು ಪದರ ಜಾಸ್ತಿ ಹಚ್ತಾ ಹೋದ. ದೂರದಿಂದ ನೋಡೋ ನಾಟಕ, ಏನೂ ಗೊತ್ತಾಗ್ತಿರಲಿಲ್ಲ. ಚಪ್ಪಾಳೆ ಬೀಳೋದು. ಕ್ಯಾಂಪ್ ಮುಗಿಯೋ ಮುಂಚೆ ಹೋಗ್ಬಿಟ್ಲು. ಅವಳಿಗೇನಾಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ನಮ್ಮಪ್ಪ ಆಮೇಲೆ ಆ ಪಾರ್ಟಿಗೆ ಯಾರು ಬಂದ್ರೂ ಬಣ್ಣ ಹಚ್ಚೋಕೆ ಕೂರ್ತಿರಲಿಲ್ಲ, ನನ್ನ ಕೂರಿಸ್ತಿದ್ದ.”

ಸ್ವಲ್ಪ ದೂರ ಹೋದ ಮೇಲೆ, “ಇಂದಮ್ಮಂಗೆ ಏನೂ ಇಲ್ಲದೇನೂ ಇರಬಹುದು. ಇಲ್ಲದಿದ್ರೆ ಒಳ್ಳೇದು. ನನಗೇ ನಗ್ತಾರೆ ಎಲ್ಲರೂ, ನಗಲಿ” ಎಂದರು.

ಏನೂ ಇಲ್ಲದೆ ಇರಲಿಲ್ಲ. ಮರುದಿನ ನಾನೂ ಇಂದುಮತಿಯವರ ಮಗಳೂ ಸೇರಿ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ವಿಜಯನಗರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ಡಾಕ್ಟರು ವಯಸ್ಸಾದ ಹೆಂಗಸು, ಹೆಚ್ಚು ಮಾತಿಲ್ಲ. ಮೂತ್ರ ನೊರೆ ನೊರೆ ಹೋಗುತ್ತಾ ಎಂದು ಕೇಳಿದರು. ಇಂದುಮತಿ ಹೌದು ಎಂದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳುವ ವಿಷಯ ಅನಿಸಿರಲಿಲ್ಲ. ಮೂತ್ರ, ರಕ್ತ ಪರೀಕ್ಷೆಯಾಯಿತು. ಕಿಡ್ನಿಯ ಜರಡಿ ಹಾಳಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತಿದೆ, ಅದಕ್ಕೇ ಮೈ ನೀರು ಹಿಡಿಯುತ್ತಿದೆ ಎಂದರು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕಿಡ್ನಿಯ ಚೂರು ತೆಗೆದು ನೋಡಿ, ಔಷಧಿಯಲ್ಲೇ ಹತೋಟಿಗೆ ಬರುವಂಥದ್ದು, ಆದರೆ ತಿಂಗಳುಗಟ್ಟಲೆ ಬೇಕು ಎಂದರು. ಇನ್ನೂ ತಡಮಾಡಿದ್ದರೆ ಎಂದು ಮಗಳು ಕೇಳಿದಾಗ ಅಲ್ಲಿನ ಡಾಕ್ಟರು, “ತಡ ಮಾಡಿಲ್ಲವಲ್ಲಮ್ಮ” ಎಂದಷ್ಟೇ ಹೇಳಿದರು.

ನಾನು ಅಂದು ಸಂಜೆ ಅಣ್ಣನಿಗೆ ಫೋನು ಮಾಡಿ ಹೇಳಿದೆ. “ಉಪ್ಪು ತಿಂತೀರಾ ಅಂತ ಬೈತಿದ್ದೆ ಮೇಡಂ ನಾನು” ಎಂದರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆಯುವಂತಿಲ್ಲ. ಬಾಣಂತನವನ್ನು ನಾನು ಎಷ್ಟು ಎಳೆಯಬಹುದೋ ಅಷ್ಟು ಎಳೆದೆ. ಮಗುವಿಗೆ ಕಾಮಾಲೆ ಬರಿಸಿದೆ, ಬಾಣಂತಿಗೆ ಜ್ವರ ಬರಿಸಿದೆ. ಇಂದುಮತಿಯವರ ಔಷಧಿ ಮುಗಿಯುವ ಹಾಗಿರಲಿಲ್ಲ. ಆ ಮಾತ್ರೆಗಳ ಗುಣವೇ ಹಾಗಂತೆ, ಕಾಲಿನ ಊತ ಇಳಿದರೂ ಮುಖ ಪೂರ್ತಿ ದುಂಡಗೆ ಉಬ್ಬಿತು. ತಾಯಿಯನ್ನು ಕರೆತನ್ನಿ ಎಂದು ಚಾನೆಲ್ಲಿನವರು ಪಟ್ಟು ಹಿಡಿದರು. ಇಂದುಮತಿ ಹೆದರಿದ್ದಂತೆಯೇ ಆಯಿತು. ಮೈಸೂರಿನಿಂದ ವಾಪಸು ಬಂದು ಬಾಗಿಲು ತಟ್ಟಿದ ತಾಯಿ ಬೇರೆಯವರು.

ಆ ದಿನ ನಾನು ಬಸವೇಶ್ವರನಗರದ ಅವರ ಮನೆಗೆ ಹೋಗಿದ್ದೆ. ಟೀವಿ ಆರಿಸಿ ಕೂತಿದ್ದರು. “ಕಿಡ್ನಿ ಉಳಿಸಿದ್ರು, ಒಪ್ಕೋತೀನಿ. ಆದ್ರೆ ಎಲ್ಲರ ಮುಂದೆ ಪೆಟ್ಟಿಗೆ ಮುಚ್ಚಿ ನಿಂತ್ರಲ್ಲ, ಕರೆದು ಮೆತ್ತಗೆ ಹೇಳಬಹುದಿತ್ತು. ಬರೀ ಸುಸ್ತು ಅಂತ ಹೇಳಿ ರಜ ಕೇಳ್ತಿದ್ದೆ. ಆಗ ಕಾಯಿಲೆ ವಿಷಯ ಚಾನೆಲ್ಲಿಗೆ ಹೋಗ್ತಿರಲಿಲ್ಲ” ಎಂದರು. ಅದರಲ್ಲೂ ನಿಜವಿತ್ತು. ಅಣ್ಣ ಎರಡು ಸಲ ಫೋನು ಮಾಡಿದರೂ ಅವರು ತೆಗೆಯಲಿಲ್ಲ. ಒಂದು ಸಲ ಮನೆಯ ಹತ್ತಿರವೇ ಬಂದು, ಮಗಳ ಕೈಯಲ್ಲಿ ಕಲ್ಲಂಗಡಿ ಹಣ್ಣು ಕೊಟ್ಟು, ಒಳಗೆ ಬರದೆ ಹೋದರಂತೆ. ನೀರಿನ ಅಂಶ ಜಾಸ್ತಿ ಎಂದು ಇಂದುಮತಿ ಅದನ್ನೂ ತಿನ್ನುವ ಹಾಗಿರಲಿಲ್ಲ.

ಅಣ್ಣ ಸ್ವಲ್ಪ ಕಾಲ ಮಾಗಡಿ ರಸ್ತೆಯ ಛತ್ರಗಳಲ್ಲಿ ಮದುಮಗಳಿಗೆ ಬಣ್ಣ ಹಚ್ಚುವ ಕೆಲಸ ಮಾಡಿದರು. ಹಿಂದಿನ ದಿನವೇ ಹೋಗಿ, ಚಪ್ಪರದೂಟದಲ್ಲಿ ಹುಡುಗಿಗೆ ಹಪ್ಪಳ, ಉಪ್ಪಿನಕಾಯಿ ಬಡಿಸಬೇಡಿ ಎಂದು ಅಡುಗೆಯವರಿಗೆ ಹೇಳಿ ಬರುತ್ತಿದ್ದರಂತೆ. ಹುಡುಗಿಯರ ತಾಯಂದಿರಿಗೆ ಅದು ಸರಿಬರಲಿಲ್ಲ. ಆಮೇಲೆ ಬೇರೊಂದು ಕಂಪನಿ ಅವರನ್ನು ಕರೆಯಿತು. ನಾನೂ ಬೇರೆ ಕಡೆ ಬರೆಯತೊಡಗಿದೆ. ಹಬ್ಬಕ್ಕೊಂದು ಫೋನು, ಅಷ್ಟೇ ಉಳಿಯಿತು.

ಆ ಭಾನುವಾರ ನಾನು ಹೆಗ್ಗನಹಳ್ಳಿಗೆ ಹೋದಾಗ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ಗಾಜಿನ ಪೆಟ್ಟಿಗೆಯ ಹತ್ತಿರ ಅವರ ಹೆಂಡತಿ, ಮಗಳು ಕೂತಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಕೊನೆಯ ಸಾಲಿನಲ್ಲಿ ಇಂದುಮತಿ ಇದ್ದರು. ಮುಖದ ಊತವೆಲ್ಲ ಇಳಿದು ತೆಳ್ಳಗಾಗಿದ್ದರು. ಚೆನ್ನಾಗಿದ್ದಾರೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಅಷ್ಟೇ. ಈಗ ಒಂದು ಸೀರಿಯಲ್ಲಿನಲ್ಲಿ ಅಜ್ಜಿಯ ಪಾತ್ರ. ನಾನು ಪಕ್ಕದಲ್ಲಿ ಕೂತೆ.

“ನೀವು ಬರ್ತೀರೋ ಇಲ್ವೋ ಅಂದ್ಕೊಂಡಿದ್ದೆ” ಎಂದೆ.

“ಯಾಕೆ ಬರಲ್ಲ? ನನ್ನ ಈಗಿನ ಸೀರಿಯಲ್ಲಲ್ಲೂ ಮೇಕಪ್ಪು ಅವರೇ ಅಲ್ವಾ.”

ನನಗೆ ಗೊತ್ತಿರಲಿಲ್ಲ. ಅವರು ಮೆಲುದನಿಯಲ್ಲಿ ಹೇಳಿದರು. ಕಾಯಿಲೆಯ ನಂತರ ಮೊದಲ ದಿನ ಕೆಲಸಕ್ಕೆ ಹೋಗಿ ಕನ್ನಡಿ ಮುಂದೆ ಕೂತರೆ, ಹಿಂದೆ ಬಂದು ನಿಂತವರು ಅಣ್ಣ. ಇಬ್ಬರಿಗೂ ಮೊದಲೇ ಗೊತ್ತಿರಲಿಲ್ಲ. ಅಣ್ಣ ಬಗ್ಗಿ ಅವರ ಕಾಲು ನೋಡಿದರಂತೆ. ಆಮೇಲೆ ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣ ಕೆಳಗೆ ಬಹಳ ಹೊತ್ತು ನೋಡಿ, “ಇಲ್ಲಿ ಏನೂ ಬೇಡ ಅಮ್ಮ” ಎಂದು, ಮಿಕ್ಕ ಮುಖಕ್ಕೆ ಬಣ್ಣ ಹಚ್ಚತೊಡಗಿದರಂತೆ.

“ಫೋನ್ ತೆಗೀದೆ ಇದ್ದದ್ದಕ್ಕೆ ಕ್ಷಮಿಸಿ ಅನ್ನೋಣ, ನೀವು ಅವತ್ತು ಹಂಗೆ ಮಾಡಿದ್ದಕ್ಕೇ ನಾನು ಇವತ್ತು ಇಲ್ಲಿ ಕೂತಿರೋದು ಅನ್ನೋಣ ಅಂತ ಬಾಯಿ ತೆಗೆದೆ” ಎಂದರು ಇಂದುಮತಿ. “ಲಿಪ್‌ಸ್ಟಿಕ್ ಹಚ್ತಿದ್ರು. ‘ಮಾತಾಡಬೇಡಿ ಅಮ್ಮ, ಗೆರೆ ಕೆಡುತ್ತೆ’ ಅಂದ್ಬಿಟ್ರು. ಆಮೇಲೆ ಶಾಟ್ ರೆಡಿ ಅಂತ ಕರೆದ್ರು.”

“ಆಮೇಲಾದ್ರೂ ಹೇಳಿದ್ರಾ?”

“ಎಲ್ಲಿ? ನಾನು ಶುರು ಮಾಡಿದಾಗೆಲ್ಲ ತುಟಿಗೇ ಬರ್ತಿದ್ರು.”

ಅಷ್ಟರಲ್ಲಿ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಹೊರಡುವ ಹೊತ್ತಾಗಿತ್ತು. ಇಂದುಮತಿ ಎದ್ದು, ಚಪ್ಪಲಿ ಕುರ್ಚಿಯ ಕೆಳಗೇ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದರು. ಪೆಟ್ಟಿಗೆಯ ಮೇಲೆ ಬಗ್ಗಿ, ಅವರ ಕಿವಿಯ ಹತ್ತಿರ ಏನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು. ಹೊರುವವರು ಕಾಯುತ್ತಾ ನಿಂತರು.